ಕರೆಂಟ್ ಅಗ್ಗವಾಗುತ್ತೆ ಅಂತ ಅಂಗಡಿ ಬಿಟ್ಟ ಟೈಲರಣ್ಣ

ಚಳಿಗಾಲ ಬಂತೆಂದರೆ ಆ ಬೀದಿಗೆ ಎರಡು ಚಿಂತೆ. ಒಂದು ಕೆಮ್ಮು, ಇನ್ನೊಂದು ಕರೆಂಟ್ ಬಿಲ್. ಕೆಮ್ಮಿಗಾದರೂ ಔಷಧಿ ಇದೆ, ಬಿಲ್ಲಿಗೆ ಎಲ್ಲಿದೆ? ಬಿಲ್ ಬಂದ ದಿನ ಮನೆಮನೆಯಲ್ಲೂ ಒಂದೇ ಜಗಳ. ದೀಪ ಆರಿಸದೆ ಹೋದವರು ಯಾರು, ಅಷ್ಟೊಂದು ನೀರು ಕಾಯಿಸಿದವರು ಯಾರು, ಹೀಟರ್ ಅಷ್ಟು ಹೊತ್ತು ಉರಿದದ್ದು ಯಾಕೆ.

ಆ ಬೀದಿಯ ತಿರುವಿನಲ್ಲಿ ಟೈಲರಣ್ಣನ ಮನೆ. ಅವನು, ಹೆಂಡತಿ, ವಯಸ್ಸಾದ ತಾಯಿ, ಮೂರೇ ಜನ. ಕಸುಬಿನಲ್ಲಿ ಅವನನ್ನು ಮೀರಿಸುವವರಿಲ್ಲ. ಶಾಲೆಯ ಸಮವಸ್ತ್ರವಿರಲಿ, ಕೋಟಿರಲಿ, ಅವನು ಹೊಲಿದರೆ ಮೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಗುಂಡಿ ಹಾಕುವ ಕೆಲಸ ತಾಯಿಯದು. ಆಕೆಯ ಎದೆ ಮೊದಲಿನಿಂದಲೂ ದುರ್ಬಲ. ಚಳಿ ತಾಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. “ಔಷಧಿ ಎಷ್ಟು ಮುಖ್ಯಾನೋ, ಕೋಣೆ ಬೆಚ್ಚಗಿರೋದೂ ಅಷ್ಟೇ ಮುಖ್ಯ” ಎಂದು ಡಾಕ್ಟರು ಹೇಳಿದ್ದರು.

ಅಷ್ಟರಲ್ಲಿ ಚುನಾವಣೆ ಬಂತು. ತೆರೆದ ಜೀಪಿನಲ್ಲಿ ನಿಂತು, ಮೈಕು ಹಿಡಿದು, ಅಭ್ಯರ್ಥಿ ಬೀದಿಗೆ ಬಂದರು.

“ನಮ್ಮನ್ನ ಗೆಲ್ಸಿ! ಮನೆ ಕರೆಂಟಿನ ದರಕ್ಕೆ ಮೂಗುದಾರ ಹಾಕ್ತೀವಿ! ಒಂದು ಮಿತಿ ಕಟ್ತೀವಿ, ಅದನ್ನ ದಾಟೋಕೆ ಬಿಡಲ್ಲ!”

ಚಪ್ಪಾಳೆಯೋ ಚಪ್ಪಾಳೆ. ಟೈಲರಣ್ಣನದೇ ಎಲ್ಲರಿಗಿಂತ ಜೋರು. ಆ ಗದ್ದಲದಲ್ಲಿ ಒಂದು ಕೈ ಮಾತ್ರ ಚಪ್ಪಾಳೆ ತಟ್ಟದೆ ಮೇಲೆ ಎದ್ದಿತ್ತು. ಅದು ಎದುರುಮನೆ ಅಕ್ಕನ ಕೈ. ಮಹಿಳಾ ಸಂಘದ ಸಭೆಯಲ್ಲಿ ಯಾರು ಏನೇ ಹೇಳಲಿ, ಆಕೆ “ಯಾಕೆ?” ಅಂತಲೇ ಶುರು ಮಾಡುವುದು. ಹಾಗಾಗಿ ಬೀದಿಗೆಲ್ಲ ಅವಳು ‘ಯಾಕಕ್ಕ’.

“ಸ್ವಾಮಿ, ಈ ಮಿತಿ ಯಾವ ಮನೆಗೆ? ಎಷ್ಟು ಕರೆಂಟ್ ಬಳಸೋರಿಗೆ? ಯಾವತ್ತಿಂದ? ಇವತ್ತು ಕಡಿಮೆ ಮಾಡಿದ ದುಡ್ಡನ್ನ ನಾಳೆ ಯಾರ ಜೇಬಿಂದ ತೆಗೀತೀರಿ?”

“ಎಲ್ಲಾ ಒಳ್ಳೇದಾಗುತ್ತೆ ತಾಯೀ!” ಎಂದಿತು ಮೈಕು. ಮತ್ತೊಂದು ಸುತ್ತು ಚಪ್ಪಾಳೆಯ ನಡುವೆ ಜೀಪು ಮುಂದಿನ ಬೀದಿಗೆ ಹೊರಟೇಬಿಟ್ಟಿತು.

ಟೈಲರಣ್ಣನಿಗೆ ನಗು ತಡೆಯಲಾಗಲಿಲ್ಲ. “ಅಲ್ಲಕ್ಕ, ಒಳ್ಳೇದು ಮಾಡ್ತೀನಿ ಅಂತ ಬಂದೋರನ್ನೂ ಕಟಕಟೇಲಿ ನಿಲ್ಲಿಸ್ತೀಯಲ್ಲ!”

“ಅವರು ಒಳ್ಳೇದು ಮಾಡಲ್ಲ ಅಂದ್ನಾ? ಯಾರಿಗೆ ಮಾಡ್ತೀರಿ ಅಂತ ಕೇಳಿದೆ ಅಷ್ಟೆ.”

ಆದರೆ ಟೈಲರಣ್ಣನ ತಲೆಯಲ್ಲಿ ಆಗಲೇ ಕತ್ತರಿ ಓಡತೊಡಗಿತ್ತು. ಮನೆಯ ಕರೆಂಟು ಅಗ್ಗವಾಗುತ್ತದೆ, ಅಂಗಡಿಯ ಕರೆಂಟು ದುಬಾರಿಯಾಗಿಯೇ ಇರುತ್ತದೆ. ಮೇಲೆ ಅಂಗಡಿಯ ಬಾಡಿಗೆ ಬೇರೆ ದಂಡ. ಮೆಷಿನ್ನು, ಮೋಟಾರು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಮನೆಗೇ ತಂದುಬಿಟ್ಟರೆ? ಒಂದೇ ಸೂರು, ಒಂದೇ ಮೀಟರು, ಒಂದೇ ಅಗ್ಗದ ಬಿಲ್ಲು!

“ಆದೇಶ ಬರೋವರೆಗಾದ್ರೂ ಕಾಯೋ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡ” ಎಂದಳು ಯಾಕಕ್ಕ.

“ಕುಲಾವಿ ಹೊಲಿಯೋದೇ ನನ್ನ ಹೊಟ್ಟೆಪಾಡು ಕಣಕ್ಕ!” ಎಂದ ಟೈಲರಣ್ಣ. ಮಾತಿಗೇನು, ಅವನೂ ಕಡಿಮೆಯವನಲ್ಲ.

ಅಂಗಡಿ ಬಿಟ್ಟ. ಬಿಸಿಲು ಬೀಳುವ ಮುಂದಿನ ಕೋಣೆ ತಾಯಿಯದಾಗಿತ್ತು. ಬಟ್ಟೆ ಕತ್ತರಿಸುವ ಮೇಜು ಅಲ್ಲಿ ಮಾತ್ರ ಹಿಡಿಯುತ್ತಿತ್ತು. ಗೋಡೆ ಸದಾ ತೇವವಾಗಿರುವ ಹಿಂದಿನ ಕೋಣೆಗೆ ತಾಯಿ ಹೋಗಬೇಕಾಯಿತು. “ನನಗೇನಪ್ಪ, ಕಾಲು ಚಾಚೋಕೆ ಒಂದು ಮೂಲೆ ಸಾಕು” ಎಂದು ದಿಂಬನ್ನು ತಾನೇ ಎತ್ತಿಕೊಂಡು ಹೋದಳು. ಆ ಕೋಣೆಗೆ ಅವನು ಒಂದು ಹೀಟರ್ ತಂದಿಟ್ಟ. ಮಗ ಕೆಟ್ಟವನಲ್ಲ, ನಂಬಿ ಕೆಟ್ಟವನು.

ಆ ಅಭ್ಯರ್ಥಿ ಗೆದ್ದರು. ಚಳಿ ಶುರುವಾಗುವ ಹೊತ್ತಿಗೆ ಆದೇಶವೂ ಬಂತು. ಯಾಕಕ್ಕ ವಿದ್ಯುತ್ ಕಚೇರಿಗೇ ಹೋಗಿ ಕೇಳಿಕೊಂಡು ಬಂದಳು.

“ಬಂದಿದೆ ಕಣೋ. ಆದ್ರೆ ಮನೆ ಬಳಕೆಗೆ ಮಾತ್ರ. ಮನೆ ಮೀಟರಿನಲ್ಲೇ ಕಸುಬು ನಡೆಸಿದ್ರೆ ಮಿತಿ ಸಿಗಲ್ಲ, ಪೂರ್ತಿ ಬಳಕೆಗೆ ದುಬಾರಿ ದರಾನೇ. ನಿನ್ನ ಮೆಷಿನ್ನಿಗೆ ಬೇರೆ ಮೀಟರ್ ಹಾಕಿಸ್ಕೋ. ಮನೆಗೆ ಮಿತಿ ಉಳಿಯುತ್ತೆ, ಅಮ್ಮನ ಹೀಟರೂ ಅದರಲ್ಲೇ ನಡೆಯುತ್ತೆ. ನಾಳೇನೇ ಅರ್ಜಿ ಕೊಡು, ನಾನೂ ಬರ್ತೀನಿ.”

“ಅವರು ಇಡೀ ಬೀದಿ ಮುಂದೆ ಕೈ ಎತ್ತಿ ಹೇಳಿದ್ದಾರೆ. ನಾನೇ ಕಿವಿಯಾರೆ ಕೇಳಿದ್ದೀನಿ.”

“ಮೈಕಿನಲ್ಲಿ ಹೇಳಿದ್ದನ್ನ ಕೌಂಟರಿನಲ್ಲಿ ಯಾರೂ ಕೇಳಲ್ಲ ಕಣೋ.”

“ಇರಲಿ ಬಿಡಕ್ಕ. ಸಮವಸ್ತ್ರದ ಕೆಲಸ ತಲೆ ಮೇಲೆ ಕೂತಿದೆ. ಮುಗೀಲಿ, ನೋಡೋಣ.”

ಬಿಲ್ ಬಂತು. ನೋಡಿದವನ ಮುಖ ಸಪ್ಪಗಾಯಿತು. “ಇದು ಹಳೇ ದರದ ಬಿಲ್ಲು, ಮುಂದಿನ ತಿಂಗಳು ಸರಿಹೋಗುತ್ತೆ” ಎಂದು ಹೆಂಡತಿಗೆ ಸಮಾಧಾನ ಹೇಳಿದ. ಮುಂದಿನದು ಇನ್ನೂ ದೊಡ್ಡದಾಗಿ ಬಂತು. ಅಡುಗೆಮನೆಯಲ್ಲಿ ಗಂಡಹೆಂಡಿರ ದನಿ ಏರಿತು.

“ಇಸ್ತ್ರಿ ನಿಲ್ಲಿಸೋಕಾಗುತ್ತಾ? ಮೋಟಾರು ನಿಲ್ಲಿಸೋಕಾಗುತ್ತಾ? ಹೊಟ್ಟೆಗೇನು ಮಾಡೋದು? ಇನ್ನೇನಿದೆ ಈ ಮನೇಲಿ ನಿಲ್ಲಿಸೋಕೆ?”

ಹೆಂಡತಿ ಬಿಲ್ಲನ್ನು ಮಡಚಿ ಡಬ್ಬಿಯ ಕೆಳಗೆ ಇಟ್ಟಳು. ಇನ್ನೇನು ಉಳಿದಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಅದರ ಹೆಸರು ಇಬ್ಬರೂ ಎತ್ತಲಿಲ್ಲ. ಹಿಂದಿನ ಕೋಣೆಯ ಗೋಡೆ ತೆಳುವಾಗಿತ್ತು.

ಮಾರನೆಯ ದಿನದಿಂದ ಟೈಲರಣ್ಣ ಯಾವಾಗ ಹೋಗಿ ನೋಡಿದರೂ ಹೀಟರ್ ಕೆಂಪಗೆ ಉರಿಯುತ್ತಿತ್ತು. “ಬೆಚ್ಚಗಿದೆಯಾ ಅಮ್ಮ?” ಎಂದರೆ “ಬೆಚ್ಚಗಿದೆ ಕಣಪ್ಪ, ನೀನು ಕೆಲಸ ನೋಡ್ಕೋ ಹೋಗು” ಎನ್ನುತ್ತಿದ್ದಳು. ಅವನೂ ಹೋಗುತ್ತಿದ್ದ. ಕೆಮ್ಮು ಹೆಚ್ಚಾದದ್ದು ಕಿವಿಗೆ ಬೀಳುತ್ತಿತ್ತು. ಈ ವರ್ಷ ಚಳಿಯೇ ಜಾಸ್ತಿ ಎಂದುಕೊಂಡ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಅಂಗಿಗಳನ್ನು ವಾಪಸ್ ತಂದು ಮೇಜಿನ ಮೇಲೆ ಎಸೆದು ಹೋದ. ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ. ಟೈಲರಣ್ಣನಿಗೆ ಪಿತ್ತ ನೆತ್ತಿಗೇರಿತು. ಕತ್ತರಿಯನ್ನು ಅಲ್ಲೇ ಬಿಟ್ಟು, ಅಂಗಿ ಹಿಡಿದುಕೊಂಡು ನೇರ ಹಿಂದಿನ ಕೋಣೆಗೆ ನುಗ್ಗಿದ.

“ಏನಮ್ಮ ಇದು? ನಿನ್ನ ಗಮನ ಎಲ್ಲಿದೆ?”

ತಾಯಿ ಬೆಚ್ಚಿಬಿದ್ದಳು. ಅವಳ ಕೈ ಮೊದಲು ಹೋದದ್ದು ಹೀಟರಿನ ಸ್ವಿಚ್ಚಿಗೆ. ಅದನ್ನು ಹಾಕಿದ ಮೇಲೆ ಮಗನ ಕಡೆ ತಿರುಗಿದಳು.

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಮೆಷಿನ್ನಿನ ಸದ್ದು ನಿಂತರೆ ಮಗ ಎದ್ದ ಎಂದು ಲೆಕ್ಕ. ಸದ್ದು ನಿಂತ ಕೂಡಲೇ ತಾಯಿ ಹೀಟರ್ ಹಾಕುತ್ತಿದ್ದಳು. ಸದ್ದು ಮತ್ತೆ ಶುರುವಾದರೆ ಆರಿಸುತ್ತಿದ್ದಳು. ಇವತ್ತು ಅವನು ಹೊಲಿಯುತ್ತಿರಲಿಲ್ಲ, ಬಟ್ಟೆ ಕತ್ತರಿಸುತ್ತಿದ್ದ. ಕತ್ತರಿಗೆ ಅಷ್ಟು ಸದ್ದಿಲ್ಲ.

ತಾಯಿಯ ಕೈ ಹಿಡಿದ. ಬೆರಳುಗಳು ಮರಗಟ್ಟಿದ್ದವು. ಸ್ವೆಟರಿನ ಕೆಳಗೆ ಏನೋ ದಪ್ಪಗೆ ಕಂಡಿತು. ಕೋಟಿನ ಒಳಬಟ್ಟೆಯ ಚೂರುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು ಎದೆಗೆ ಸುತ್ತಿಕೊಂಡಿದ್ದಳು.

“ಕಸಕ್ಕೆ ಹಾಕಿದ್ದ ಚೂರು ಕಣಪ್ಪ” ಎಂದಳು ತಾಯಿ, ಏದುಸಿರು ಬಿಡುತ್ತ. “ಗಿರಾಕಿ ಬಟ್ಟೆ ಮುಟ್ಟಿಲ್ಲ.”

ಟೈಲರಣ್ಣ ಅಂಗಿಯನ್ನು ಅಲ್ಲೇ ಬಿಟ್ಟು, ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಸ್ವಲ್ಪ ಮುಂಚೆ ಕರ್ಕೊಂಡು ಬರಬೇಕಿತ್ತು” ಎಂದರು. ಹೊರಗಿನ ಬೆಂಚಿನ ಮೇಲೆ ಟೈಲರಣ್ಣ, ಹೆಂಡತಿ, ಯಾಕಕ್ಕ ಕುಳಿತರು.

“ಆ ಜೀಪಿನವರು ಸುಳ್ಳು ಹೇಳಿ ನನ್ನ ಮನೆ ಹಾಳು ಮಾಡಿದ್ರು ಅಕ್ಕ” ಎಂದ ಟೈಲರಣ್ಣ.

“ಸುಳ್ಳು ಹೇಳಿಲ್ಲ ಕಣೋ, ಅರ್ಧ ಹೇಳಿದ್ರು. ಉಳಿದರ್ಧ ಕೇಳಿದ್ದಕ್ಕೆ ಉತ್ತರ ಕೊಡದೆ ಹೋದ್ರು. ಅದು ಅವರ ತಪ್ಪು. ನಾವು ಆಮೇಲೂ ಚಪ್ಪಾಳೆ ತಟ್ಟಿದ್ವಲ್ಲ, ಅದು ನಮ್ದು.”

“ನಾವು ಹೀಟರ್ ಅಂತ ಬಾಯಿಬಿಟ್ಟು ಹೇಳಿರಲಿಲ್ಲ ಅಕ್ಕ” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. ಯಾಕಕ್ಕ ಹತ್ತಿರ ಸರಿದು ಅವಳ ಕೈ ಹಿಡಿದುಕೊಂಡಳು.

ತಾಯಿ ಮನೆಗೆ ಮರಳಲಿಲ್ಲ.

ಆಮೇಲೆ ಟೈಲರಣ್ಣ ಅರ್ಜಿ ಕೊಟ್ಟ. ಯಾಕಕ್ಕ ಹೇಳಿದಂತೆಯೇ ಆಯಿತು. ಮೆಷಿನ್ನಿಗೆ ಬೇರೆ ಮೀಟರ್ ಬಂತು, ಮನೆಗೆ ಮಿತಿಯ ದರ ಸಿಕ್ಕಿತು. ಮೊದಲ ಬಿಲ್ ನೋಡಿ ಗಂಡಹೆಂಡಿರು ಎದುರುಬದುರು ಕುಳಿತರು. ಹೀಟರ್ ಹಗಲೂ ರಾತ್ರಿ ಉರಿದಿದ್ದರೂ ಕಟ್ಟಬಹುದಾಗಿದ್ದ ಬಿಲ್ಲು. ಅಂದು ಇಬ್ಬರಿಗೂ ಊಟ ಸೇರಲಿಲ್ಲ.

ಗೆದ್ದವರು ಹೊಸ ಭರವಸೆ ಹೊತ್ತು ಮತ್ತೆ ಬೀದಿಗೆ ಬಂದಾಗ ಮೊದಲು ಎದ್ದು ನಿಂತವನು ಟೈಲರಣ್ಣ. “ಯಾವ ಮನೆಗೆ, ಎಷ್ಟಕ್ಕೆ, ಯಾವತ್ತಿಂದ, ಯಾರ ದುಡ್ಡಲ್ಲಿ? ಹೇಳೋವರೆಗೂ ಜೀಪು ಮುಂದೆ ಹೋಗಲ್ಲ ಸ್ವಾಮಿ” ಎಂದ. ಹೇಳಿ ಕೂರಲಿಲ್ಲ, ಜೀಪಿನ ಎದುರಿಗೇ ನಿಂತ. ಅಂದು ಬೀದಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಉತ್ತರಕ್ಕೆ ಕಾದರು.

ಅಕ್ಕಂದಿರೇ, ಅಣ್ಣಂದಿರೇ, ಕರೆಂಟಿನ ದರ ಇಳಿಸುತ್ತೇವೆ ಎಂದು ಯಾರೇ ಬರಲಿ, ಯಾವ ಪಕ್ಷದವರೇ ಇರಲಿ, ಈ ನಾಲ್ಕು ಮಾತು ಕೇಳದೆ ಕಳಿಸಬೇಡಿ. ವೋಟು ನಿಮ್ಮದು, ಕೇಳುವ ಹಕ್ಕೂ ನಿಮ್ಮದು. ಭರವಸೆ ಕೇಳಿದ ಮಾತ್ರಕ್ಕೆ ಅಂಗಡಿ ಬಿಡಬೇಡಿ, ಹೊಸ ಯಂತ್ರ ತರಬೇಡಿ. ಆದೇಶ ಬಂದ ಮೇಲೆ ನಿಮ್ಮ ಮನೆಗೆ ಅದು ಸಲ್ಲುತ್ತದೆಯೇ ಎಂದು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ. ಮನೆಯಲ್ಲೇ ಕಸುಬು ನಡೆಸುವವರು ಬೇರೆ ಮೀಟರ್ ಬೇಕೇ ಎಂದು ಅಲ್ಲೇ ಕೇಳಿ. ಬಿಲ್ ಕಟ್ಟಲು ಕಷ್ಟವಾದರೆ ಮುಚ್ಚಿಡಬೇಡಿ, ರಿಯಾಯಿತಿ ಏನಿದೆ ಎಂದು ತಿಳಿದುಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಮನೆಯ ಹಿರಿಯರನ್ನು ಚಳಿಯಾಗುತ್ತಿದೆಯೇ ಎಂದು ಕೇಳಿದರೆ ಅವರು ಇಲ್ಲ ಎಂದೇ ಹೇಳುತ್ತಾರೆ. ಹೋಗಿ ಅವರ ಕೈ ಮುಟ್ಟಿ ನೋಡಿ.