ಎರಡನೆಯ ಅಂಗಿ

ಹೊಡೆದಾಟದ ಹೀರೋ ಸಿಡಿಲಿನ ಸಿನಿಮಾಗಳಿಗೆ ಅಕ್ಕ ಎಲ್ಲವನ್ನೂ ಎರಡೆರಡು ಹೊಲಿಯುತ್ತಿದ್ದಳು. ಎರಡು ಅಂಗಿ, ಎರಡು ಪ್ಯಾಂಟು, ಎರಡು ಸೊಂಟಪಟ್ಟಿ. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಹೊಲಿದವಳಿಗೇ ಒಂದು ಕ್ಷಣ ಅನುಮಾನ ಬರಬೇಕು, ಹಾಗಿರುತ್ತಿತ್ತು ಅವಳ ಕೈಕೆಲಸ. ವ್ಯತ್ಯಾಸವೆಲ್ಲ ಒಳಗಿನ ಅಸ್ತರಿನಲ್ಲಿ. ಒಂದರಲ್ಲಿ ಭುಜಕ್ಕೂ ಎದೆಗೂ ಹತ್ತಿ ತುಂಬಿರುತ್ತಿತ್ತು. ಅದು ನೋಡುವವರ ಕಣ್ಣಿಗೆ. ಇನ್ನೊಂದರಲ್ಲಿ ಬೆನ್ನಿಗೆ, ಸೊಂಟಕ್ಕೆ, ಮೊಣಕೈಗೆ ರಬ್ಬರು ಮತ್ತು ಕಂಬಳಿಯ ಪದರಗಳು. ಅದು ಬೀಳುವವನ ಮೂಳೆಗೆ. ಮೊದಲನೆಯದನ್ನು ತೊಡುವವನು ಅವಳ ತಮ್ಮ. ಎರಡನೆಯದನ್ನು ತೊಡುವವನು ಅವಳ ಗಂಡ.

ಸಿಡಿಲು ಎನ್ನುವುದು ಪೋಸ್ಟರಿನ ಹೆಸರು. ಮನೆಯಲ್ಲಿ ಅವನು ಚಿಕ್ಕೋನು. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಬೀದಿಯಲ್ಲಿ ದಿನಾ ಯಾರದೋ ಕೈಯಲ್ಲಿ ಒದೆ ತಿಂದು ಮೂಗು ಸೋರಿಸಿಕೊಂಡು ಬರುತ್ತಿದ್ದವನನ್ನು ಮರದ ಡಿಪೋ ಹಿಂದಿನ ಶೆಡ್ಡಿನಲ್ಲಿದ್ದ ಕರಾಟೆ ಶಾಲೆಗೆ ಸೇರಿಸಿದವಳೂ ಅವಳೇ. ಅಲ್ಲಿ ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವನೊಬ್ಬನಿದ್ದ. ಒದೆಯುವುದರಲ್ಲಿ ಅಷ್ಟಕ್ಕಷ್ಟೆ, ಬೀಳುವುದರಲ್ಲಿ ಮಾತ್ರ ಎತ್ತಿದ ಕೈ. ಎಲ್ಲಿಂದ ಎಸೆದರೂ ಮೆತ್ತಗೆ ಇಳಿಯುತ್ತಿದ್ದುದರಿಂದ ಎಲ್ಲರೂ ಅವನನ್ನು ಬೆಕ್ಕು ಎನ್ನುತ್ತಿದ್ದರು. ವರ್ಷಗಳು ಕಳೆದು ಇಬ್ಬರೂ ಮೀಸೆ ಬಂದವರಾದ ಮೇಲೆ, ಶಾಲೆಗೆ ಸಮವಸ್ತ್ರ ಹೊಲಿಯಲು ಹೋದ ಅಕ್ಕ ಇಬ್ಬರ ಮೈಗೂ ಟೇಪು ಹಿಡಿದು ನಕ್ಕುಬಿಟ್ಟಳು.

"ಇಬ್ಬರಿಗೂ ಒಂದೇ ಅಳತೆ ಕಣ್ರೋ. ಒಂದು ಹೊಲಿದ್ರೆ ಸಾಕು, ಸರದಿ ಮೇಲೆ ಹಾಕ್ಕೊಳ್ಳಿ."

ಆ ನಗು ಬೆಕ್ಕಿನ ಎದೆಗೆ ನಾಟಿತು. ಮರುವರ್ಷ ಅವನು ಚಿಕ್ಕೋನಿಗೆ ಭಾವನಾದ.

ಮೊದಲ ನಾಲ್ಕು ಸಿನಿಮಾಗಳಲ್ಲಿ ಚಿಕ್ಕೋನು ಎಲ್ಲವನ್ನೂ ತಾನೇ ಮಾಡಿದ್ದ. ಅದನ್ನು ಅವನಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ. ಅವನು ಗಾಳಿಯಲ್ಲಿ ತಿರುಗಿ ಒದೆಯುವುದನ್ನು ನೋಡಲು ಜನ ಒಂದೇ ಸಿನಿಮಾಕ್ಕೆ ಏಳೇಳು ಸಲ ಹೋದರು. ಪೋಸ್ಟರಿನಲ್ಲಿ ಅವನ ಕಾಲಿನಷ್ಟೇ ದಪ್ಪ ಅಕ್ಷರದಲ್ಲಿ 'ಡೂಪ್ ಇಲ್ಲ!' ಎಂದು ಹಾಕುತ್ತಿದ್ದರು. ಐದನೆಯದರಲ್ಲಿ ಮಂಡಿಚಿಪ್ಪು ಸೀಳಿತು. ಅಷ್ಟರಲ್ಲಿ ಪೋಸ್ಟರು ಗೋಡೆ ಹತ್ತಿ ಕೂತಿತ್ತು. "ಒಂದೇ ತಿಂಗಳು ಭಾವ, ಮಂಡಿ ವಾಸಿಯಾಗೋ ತನಕ" ಎಂದು ಅವನು ಕೈಹಿಡಿದು ಕೇಳಿಕೊಂಡ. ಆ ಒಂದು ತಿಂಗಳು ಇಪ್ಪತ್ತಾರು ವರ್ಷವಾಯಿತು. ಡೂಪೇ ಇಲ್ಲ ಎಂದ ಮೇಲೆ ಡೂಪಿನ ಹೆಸರು ಪರದೆಯ ಮೇಲೆ ಬರುವುದಾದರೂ ಹೇಗೆ? ಬರಲಿಲ್ಲ.

ಕೆಲಸದ ರೀತಿಯೂ ಆ ಗುಟ್ಟಿಗೆ ತಕ್ಕ ಹಾಗೆ ಬೆಳೆಯಿತು. ಬೆಕ್ಕು ಮೇಲಿನಿಂದ ಹಾರಿ ಬಿದ್ದು ಬೋರಲಾಗಿ ಮಲಗಬೇಕು. ಫೈಟ್ ಮಾಸ್ತರು ಸುತ್ತ ಹೊಗೆ ಬಿಡಿಸಬೇಕು. ಹೊಗೆಯ ಮರೆಯಲ್ಲಿ ಚಿಕ್ಕೋನು ಅದೇ ಉಡುಪಿನಲ್ಲಿ ಬಂದು ಅದೇ ಜಾಗದಲ್ಲಿ ಮಲಗಬೇಕು, ಬೆಕ್ಕು ತೆವಳಿಕೊಂಡು ಆಚೆ ಹೋಗಬೇಕು. ಹೊಗೆ ತಿಳಿಯಾದಾಗ ಸಿಡಿಲು ಮೈ ಕೊಡವಿಕೊಂಡು ಏಳುತ್ತಾನೆ, ನೋಡುತ್ತಿದ್ದವರು ಚಪ್ಪಾಳೆ ತಟ್ಟುತ್ತಾರೆ. ಬಿದ್ದವನು ಮುಖ ಎತ್ತಕೂಡದು, ಅಲುಗಾಡಕೂಡದು. ಬೆಕ್ಕು ಇದನ್ನು ಒಂದು ಸಲವೂ ತಪ್ಪಿದವನಲ್ಲ. ಅಕ್ಕ ಮಾತ್ರ ಒಂದು ಸಲವೂ ನೋಡಿದವಳಲ್ಲ. ಬೀಳುವ ದಿನ ಅವಳು ಉಡುಪಿನ ಕೋಣೆಯ ಬಾಗಿಲು ಹಾಕಿಕೊಂಡು, ಯಾವ ಸದ್ದೂ ಕಿವಿಗೆ ಬೀಳದಿರಲೆಂದು ಚಿಂದಿ ಬಟ್ಟೆಯ ಮೇಲೆ ಸುಮ್ಮನೆ ಮಿಷನ್ನು ಓಡಿಸುತ್ತ ಕೂರುತ್ತಿದ್ದಳು.

ಈಗ ಚಿಕ್ಕೋನಿಗೆ ಐವತ್ತೊಂದು. ಮೂರು ವರ್ಷ ಯಾರೂ ಅವನನ್ನು ಕರೆದಿರಲಿಲ್ಲ. ನಡುವೆ ಬಂದ ಕಾಯಿಲೆಯೊಂದು ಹೋಗುವಾಗ ಮೈಯ ಮಾಂಸವನ್ನೆಲ್ಲ ಜೊತೆಗೇ ಹೊತ್ತೊಯ್ದಿತ್ತು. ಅಂಗಿಯೊಳಗಿನ ಎದೆಯಲ್ಲಿ ಈಗ ಅರ್ಧ ಅವನದು, ಅರ್ಧ ಅಕ್ಕನ ಹತ್ತಿ. ಬಟ್ಟೆ ಬದಲಿಸುವಾಗ ಮೇಕಪ್ಪಿನವನನ್ನೂ ಆಚೆ ಕಳಿಸುತ್ತಿದ್ದ. ಹೇಗೋ ಒಂದು ಸಿನಿಮಾ ಸಿಕ್ಕಿತ್ತು. ಅದರ ಕೊನೆಯ ಹೊಡೆದಾಟದಲ್ಲಿ ಅವನು ಮೂರನೆಯ ಮಹಡಿಯ ಕಿಟಕಿಯಿಂದ ಹಾರಿ, ಕೆಳಗಿನ ಮರದ ಚಪ್ಪರವನ್ನು ಬೆನ್ನಿನಿಂದ ಮುರಿದುಕೊಂಡು ನೆಲಕ್ಕೆ ಬೀಳಬೇಕು. ಅಂದು ಪತ್ರಿಕೆಯವರನ್ನೂ ಕರೆದಿದ್ದರು.

ಬೆಕ್ಕಿಗೆ ಐವತ್ತಮೂರು. ಅವನ ಬೆನ್ನಿನ ಎಕ್ಸ್‌ರೇ ಮಂಚದ ಹಾಸಿಗೆಯ ಕೆಳಗಿತ್ತು. ಇನ್ನೊಂದು ಸಲ ಬಿದ್ದರೆ ಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅದು ಗೊತ್ತಿದ್ದುದು ಗಂಡ ಹೆಂಡತಿಗೆ ಮಾತ್ರ.

ಅಕ್ಕ ತಮ್ಮನ ಮನೆಗೆ ಹೋದಳು. ಅವನು ವ್ಯಾಯಾಮದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕಬ್ಬಿಣದ ಗುಂಡುಗಳ ಮೇಲೆ ಧೂಳು ಕೂತಿತ್ತು.

"ಈ ಸಲ ಬೇರೆ ಯಾರನ್ನಾದ್ರೂ ಹಾಕ್ಸೋ."

"ಬೇರೆಯವರು ಫೋನಲ್ಲಿ ಹಿಡಿದು ಊರಿಗೆಲ್ಲಾ ಹಂಚ್ತಾರೆ ಅಕ್ಕ. ಭಾವನ್ನ ಬಿಟ್ರೆ ನಂಬೋದು ಯಾರನ್ನ?"

"ಅವರ ಬೆನ್ನು ಹೋಗಿದೆ ಕಣೋ. ಡಾಕ್ಟರು ಬೇಡ ಅಂದಿದಾರೆ."

"ಭಾವ ನನಗೇನೂ ಹೇಳ್ಲಿಲ್ವಲ್ಲ."

"ಅವರು ಹೇಳೋ ಪೈಕಿನಾ?"

ಅವನು ತಲೆ ತಗ್ಗಿಸಿದ. ಆಮೇಲೆ, ಮೂಗು ಸೋರಿಸಿಕೊಂಡು ಬರುತ್ತಿದ್ದ ಕಾಲದ ದನಿಯಲ್ಲಿ ಹೇಳಿದ: "ಇದೊಂದೇ ಅಕ್ಕ. ಇದೂ ಹೋದ್ರೆ ಆಮೇಲೆ ನಾನು ಯಾರು, ಹೇಳು?"

ಅವಳಿಗೆ ಸಿಟ್ಟು ಬಂತು, ಅಯ್ಯೋ ಅನ್ನಿಸಿತು, ಮತ್ತೆ ಸಿಟ್ಟು ಬಂತು. ಮನೆಗೆ ಬಂದು ಗಂಡನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಹೇಳಿದಳು. ಅವನು ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ನಕ್ಕ.

"ಚಿಕ್ಕೋನು ಕೇಳಿದ್ದಕ್ಕೆ ಇಲ್ಲ ಅನ್ನೋದು ನನಗೆ ಬರಲ್ಲ ಕಣೇ. ನೀನು ಹೊಲಿದ ಅಂಗಿ ಇರುತ್ತಲ್ಲ. ಇಷ್ಟು ವರ್ಷ ಕಾಪಾಡಿದ್ದು ಇನ್ನೊಂದು ಸಲ ಕಾಪಾಡಲ್ವಾ?"

ಆ ಮಾತಿನಿಂದಲೇ ಅಕ್ಕನಿಗೆ ದಾರಿ ಕಂಡಿತು. ಅಂಗಿಯೇ ಇಲ್ಲದಿದ್ದರೆ?

ಆ ಸಿನಿಮಾಕ್ಕೆಂದು ತಾಮ್ರದ ಬಣ್ಣದ ದಪ್ಪ ಬಟ್ಟೆಯನ್ನು ಬೇರೆಯಾಗಿ ಬಣ್ಣ ಹಾಕಿಸಿ ತರಿಸಿದ್ದರು. ಸರಿಯಾಗಿ ಎರಡು ಜೊತೆಗೆ ಆಗುವಷ್ಟು, ಒಂದು ಗೇಣೂ ಹೆಚ್ಚಿಲ್ಲ. ಪ್ಯಾಂಟುಗಳನ್ನು ಎರಡೂ ಹೊಲಿದಳು. ಅಂಗಿಯನ್ನು ಒಂದೇ ಹೊಲಿದಳು, ತಮ್ಮನದು, ಹತ್ತಿಯದು. ಎರಡನೆಯ ಅಂಗಿಯ ಬಟ್ಟೆಯನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ ಚಿಂದಿ ಚೀಲದ ತಳಕ್ಕೆ ತುರುಕಿದಳು. ಅಂಗಿಯಿಲ್ಲದೆ ಗಂಡ ಹಾರುವುದಿಲ್ಲ. ತಮ್ಮನಾದರೋ ಹತ್ತು ಜನರ ಎದುರು ಮೈಮೇಲಿನ ಅಂಗಿ ಬಿಚ್ಚುವುದಿಲ್ಲ. ಅವರಿಬ್ಬರನ್ನು ತನ್ನಷ್ಟು ಬಲ್ಲವರು ಯಾರಿದ್ದಾರೆ ಎಂದುಕೊಂಡಳು.

ಆ ದಿನ ಬೆಳಿಗ್ಗೆ ಮೊದಲು ಗಂಡನಿಗೆ ಹೇಳಿದಳು. "ನಿಮ್ಮದು ಹೊಲಿಯೋಕಾಗಲಿಲ್ಲ. ಇವತ್ತು ಹಾರೋದು ಇರಲ್ಲ."

ಬೆಕ್ಕು ಅವಳ ಕೈ ನೋಡಿದ. "ಯಾಕೆ, ಬೆರಳು ನೋಯ್ತಿತ್ತಾ?"

ಕೇಳಿದ್ದೇ ನೆಪವಾಯಿತು. "ಹೂಂ, ನೋಯ್ತಿತ್ತು."

"ಮೊದಲೇ ಹೇಳ್ಬಾರ್ದಾ, ಮಾರಾಯ್ತಿ" ಎಂದು ಅವನು ಅವಳ ಬೆರಳುಗಳನ್ನು ಒಂದೊಂದಾಗಿ ನೀವಿ, ಹೊರಗೆ ಹೋದ.

ತಮ್ಮನಿಗೆ ಬಟ್ಟೆ ಸಾಲಲಿಲ್ಲ ಎಂದಳು. ಅವನು ಕನ್ನಡಿಯ ಮುಂದಿನಿಂದ ಎದ್ದು ರೇಗಾಡಿದ, ಬಾಚಣಿಗೆ ಎಸೆದ. ಆಮೇಲೆ ಉಸ್ಸೆಂದು ಕೂತು, "ನೀನು ಹೋಗು, ಮಾಸ್ತರ ಹತ್ರ ಮಾತಾಡ್ತೀನಿ" ಎಂದ. ಅಕ್ಕ ತನ್ನ ಕೋಣೆಗೆ ಬಂದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಒಂದು ಲೋಟ ನೀರು ಪೂರ್ತಿ ಕುಡಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅಂಥ ದಿನ, ಮಿಷನ್ನು ಮುಟ್ಟದೆ ಕೂತಳು.

ಅರ್ಧ ಗಂಟೆಯಾಗಿರಬಹುದು. ಬಾಗಿಲು ತಳ್ಳಿಕೊಂಡು ಚಿಕ್ಕೋನು ಒಳಗೆ ಬಂದ. ಮೈಮೇಲೆ ಬನಿಯನ್ನು, ಭುಜದ ಮೇಲೊಂದು ಟವೆಲ್ಲು.

"ಪತ್ರಿಕೆಯವರು ನೋಡಬಾರದಲ್ಲ, ಅದಕ್ಕೆ ಇಲ್ಲಿಗೆ ಬಂದೆ. ಭಾವ ಹಾರೋ ತನಕ ಇಲ್ಲೇ ಇರ್ತೀನಿ."

"ಅಂಗಿ ಎಲ್ಲೋ?"

"ಭಾವ ಹಾಕ್ಕೊಂಡಿದಾರೆ. ಅವರೇ ಅಂದ್ರು, ಬಿಚ್ಚು ಅಂತ. ಹೊಗೆಯಲ್ಲಿ ಬದಲಾಯಿಸ್ಕೊಂಡ್ರಾಯ್ತು." ಅವಳ ಮುಖ ನೋಡಿ ಅವನು ಸಮಾಧಾನ ಮಾಡುವವನಂತೆ ನಕ್ಕ. "ನೀನೇ ಹೇಳ್ತಿದ್ದೆಯಲ್ಲಕ್ಕ. ಇಬ್ಬರಿಗೂ ಒಂದೇ ಅಳತೆ."

ಪಾಪ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಭಾವನ ಅಂಗಿಯನ್ನು ಒಂದು ಸಲವೂ ಒಳಮಗ್ಗುಲು ತಿರುಗಿಸಿ ನೋಡಿದವನಲ್ಲ ಅವನು.

ಅಕ್ಕ ಓಡಿದಳು. ಹೊಲಿಗೆಯ ಕತ್ತರಿ ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ಓಣಿಯಂಥ ದಾರಿಯ ಅರ್ಧಕ್ಕೆ ಬಂದಾಗ ಮರ ಮುರಿದ ಸದ್ದು ಕೇಳಿತು, ಹಿಂದೆಯೇ ಇನ್ನೊಂದು ಮೆತ್ತಗಿನ ಸದ್ದು. ಚಪ್ಪಾಳೆ ಬಿತ್ತು.

ಅವಳು ಬರುವಷ್ಟರಲ್ಲಿ ಹೊಗೆ ತುಂಬಿತ್ತು. ಬೆಕ್ಕು ಮುರಿದ ಹಲಗೆಗಳ ನಡುವೆ ಬೋರಲಾಗಿ ಮಲಗಿದ್ದ, ಅಲುಗಾಡದೆ. ಯಾರಿಗೂ ಏನೂ ಅನ್ನಿಸಿರಲಿಲ್ಲ, ಏಕೆಂದರೆ ಅವನು ಯಾವಾಗಲೂ ಮಲಗುವುದೇ ಹಾಗೆ. ಮಾಸ್ತರು ಒಂದು ತೋಳು ಹಿಡಿದು ಎಳೆಯುತ್ತಿದ್ದರು. "ಬೇಗ ಬಿಚ್ಚೋ ಬೆಕ್ಕು, ಹೊಗೆ ಹೋಗ್ತಾ ಇದೆ."

"ಮುಟ್ಟಬೇಡಿ ಅವರನ್ನ!"

ಅವಳು ಅರಚಿದ ರೀತಿಗೆ ಮಾಸ್ತರು ಕೈಬಿಟ್ಟು ಹಿಂದೆ ಸರಿದರು. ಅಕ್ಕ ಮಂಡಿಯೂರಿ ಗಂಡನ ಕಿವಿಯ ಬಳಿ ಬಗ್ಗಿದಳು.

"ನೀನ್ಯಾಕೆ ಬಂದೆ" ಎಂದ ಅವನು, ನೆಲಕ್ಕೆ ಮುಖ ಒತ್ತಿಕೊಂಡೇ. "ಹೋಗು, ಅವರಿಗೆ ಕಾಣುತ್ತೆ."

"ಕಾಲು ಅಲ್ಲಾಡಿಸಿ ನೋಡೋಣ."

"ಅಲ್ಲಾಡಿಸ್ತಾನೇ ಇದೀನಲ್ಲ."

ಅಕ್ಕ ಹಿಂತಿರುಗಿ ಆ ಎರಡು ಬೂಟುಗಳನ್ನು ನೋಡಿದಳು. ಅವು ಯಾರೋ ಬಿಚ್ಚಿಟ್ಟು ಹೋದ ಹಾಗೆ ಬಿದ್ದಿದ್ದವು.

ಅಷ್ಟರಲ್ಲಿ ಚಿಕ್ಕೋನು ಏದುಸಿರು ಬಿಡುತ್ತ ಬಂದು ನಿಂತ. ಅಭ್ಯಾಸದ ಬಲ ನೋಡಿ, ಅವನ ಬಾಯಿಂದ ಮೊದಲು ಬಂದ ಮಾತು "ಅಕ್ಕ, ಅಂಗಿ" ಎನ್ನುವುದೇ. ಅವಳು ಕತ್ತರಿ ತೆಗೆದು ಅಂಗಿಯನ್ನು ಕೆಳ ಅಂಚಿನಿಂದ ಕತ್ತಿನ ತನಕ ಸೀಳಿದಳು. ಭುಜದ ಹತ್ತಿರ ಬಿಳಿಯ ಹತ್ತಿ ಹೊರಗೆ ಬಂತು. ಬೆನ್ನಿನ ಉದ್ದಕ್ಕೂ ಒಂದೆಳೆ ಕಂಬಳಿ ಇರಲಿಲ್ಲ. ಆ ಹೊಲಿಗೆ ಹಾಕಿದ್ದು ಅವಳದೇ ಕೈ.

"ತಗೋ" ಎಂದಳು ತಮ್ಮನಿಗೆ. "ಈಗ ಹಾಕ್ಕೋ."

ಅವನು ಅಲ್ಲೇ ನಿಂತಿದ್ದ. ಹೊಗೆ ತಿಳಿಯಾಯಿತು. ಹಗ್ಗದಾಚೆ ನಿಂತ ಪತ್ರಿಕೆಯವರ ಕಣ್ಣಿಗೆ ನೆಲದ ಮೇಲೊಬ್ಬ ಮುದುಕನೂ, ಅವನ ಪಕ್ಕ ಬನಿಯನ್ನಿನಲ್ಲಿ ನಿಂತ ಸಿಡಿಲೂ ಒಟ್ಟಿಗೇ ಬಿದ್ದರು. ಟವೆಲ್ಲು ಎಳೆದು ಎದೆ ಮುಚ್ಚಿಕೊಳ್ಳಲು ಅವನು ಎರಡೂ ಕೈ ಎತ್ತಿದ. ಕ್ಯಾಮೆರಾಗಳು ಅಷ್ಟು ಹೊತ್ತು ಕಾಯಲಿಲ್ಲ.

ಮರುದಿನದ ಪತ್ರಿಕೆಗಳ ತುಂಬ ಸಿಡಿಲಿನ ಪಕ್ಕೆಲುಬುಗಳೇ. ಇಪ್ಪತ್ತಾರು ವರ್ಷದ ಮೋಸ ಎಂದು ಬರೆದರು. ಬೆಕ್ಕಿನ ಹೆಸರು ಆಗಲೂ ಬರಲಿಲ್ಲ. 'ಡೂಪ್' ಎಂದಷ್ಟೇ ಇತ್ತು.

ಸಿನಿಮಾ ಅರ್ಧಕ್ಕೆ ನಿಂತಿತು, ಮತ್ತೆ ಯಾರೂ ಚಿಕ್ಕೋನನ್ನು ಕರೆಯಲಿಲ್ಲ. ಅವನು ದಿನಬಿಟ್ಟು ದಿನ ಬರುತ್ತಾನೆ. ಭಾವನನ್ನು ಎತ್ತಿ ಮಗ್ಗುಲು ಬದಲಿಸುತ್ತಾನೆ, ಬೆನ್ನು ಒರೆಸುತ್ತಾನೆ. ಮಾತೆಲ್ಲ ಬೆಕ್ಕಿನದೇ. ಬಂದುಹೋಗುವವರಿಗೆಲ್ಲ ಅವನು ಒಂದೇ ಕಥೆ ಹೇಳುತ್ತಾನೆ.

"ತೋಳು ತೂರಿಸಿದ ತಕ್ಷಣ ಗೊತ್ತಾಯ್ತು, ಇದು ನನ್ನದಲ್ಲ ಅಂತ. ಹಗುರ ಇತ್ತು. ಆದ್ರೆ ಏನು ಮಾಡ್ತೀರಿ? ಹಾರಲ್ಲ ಅಂದ್ರೆ ಅಷ್ಟು ಜನರ ಮುಂದೆ ಇವಳಿಗೆ ಬೈಗುಳ. ಬಟ್ಟೆ ಹೊಲಿದಿಲ್ಲ, ಅದಕ್ಕೇ ಕೆಲಸ ಕೆಟ್ಟಿತು ಅಂತಾರೆ. ಪಾಪ, ಬೆರಳು ನೋವು ಅವಳಿಗೆ. ಹೇಳ್ಕೊಳ್ಳೋ ಪೈಕಿ ಅಲ್ಲ."

ಕೇಳಿದವರು ಅಕ್ಕನ ಕಡೆ ತಿರುಗಿ ಲೊಚಗುಟ್ಟುತ್ತಾರೆ. ಅವಳು ಲೋಟ ತೊಳೆಯಲು ಏಳುತ್ತಾಳೆ.

ನಿಜ ಹೇಳಿಬಿಡಬೇಕೆಂದು ಅವಳು ಎರಡು ಸಲ ಬಾಯಿ ತೆರೆದದ್ದುಂಟು. ಒಂದು ಸಲ ಚಿಂದಿ ಚೀಲದಿಂದ ಆ ತಾಮ್ರದ ಬಣ್ಣದ ಪಟ್ಟಿಗಳನ್ನು ತೆಗೆದು ಮಂಚದ ತನಕ ತಂದೂ ಇದ್ದಳು. ಅವನು ನಗುತ್ತ ನೋಡಿದ. ಅವಳು ಅವನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸು ಹೋದಳು.

ಸಂಜೆಯಾದರೆ ಬೆಕ್ಕು ಎಣ್ಣೆ ಬಿಸಿ ಮಾಡಿ ತಾ ಎನ್ನುತ್ತಾನೆ. ಅವನ ಮೈಯಲ್ಲಿ ಈಗ ಕೆಲಸ ಮಾಡುವುದು ಕೈಗಳು ಮಾತ್ರ, ಅವು ಇನ್ನೂ ಗಟ್ಟಿಯಾಗಿವೆ. ಅವಳು ಬಟ್ಟಲು ತಂದು ಮಂಚದ ಅಂಚಿಗೆ ಕೂರುತ್ತಾಳೆ. ಅವನು ಅಂಗೈಗೆ ಎಣ್ಣೆ ಹಾಕಿಕೊಂಡು ಕೇಳುತ್ತಾನೆ:

"ಇವತ್ತು ಯಾವ ಬೆರಳು ನೋಯ್ತಿದೆ, ತೋರಿಸು."

ಅಕ್ಕ ಒಂದು ಬೆರಳನ್ನು ಮುಂದೆ ಚಾಚುತ್ತಾಳೆ.