ಒಂದು ಕೆಟ್ಟ ಮಾತೂ ಇಲ್ಲದ ಪತ್ರ

ಪೇಟೆಬೀದಿಯ ಮಾಂಸದಂಗಡಿಯ ಮೇಲಿನ ಮಹಡಿಯಲ್ಲಿ ಡೆಸ್ಮಂಡ್ ಟಾಲರ್ಟನ್ನನ ಕಚೇರಿ. ಮನೆಗೆ ಇನ್ನೊಂದು ಕೋಣೆ ಸೇರಿಸಬೇಕೆನ್ನುವವರು, ಹಳೆಯ ಕೊಟ್ಟಿಗೆಯನ್ನು ವಾಸದ ಮನೆ ಮಾಡಬೇಕೆನ್ನುವವರು ನಕ್ಷೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಆ ಕಿರಿದಾದ ಮೆಟ್ಟಿಲು ಹತ್ತುತ್ತಿದ್ದರು. ಡೆಸ್ಮಂಡ್ ಇಪ್ಪತ್ತೆರಡು ವರ್ಷ ಕೌನ್ಸಿಲ್ಲಿನ ಕಟ್ಟಡ ಅನುಮತಿ ವಿಭಾಗದಲ್ಲೇ ಇದ್ದವನು; ಈಗ ಅಲ್ಲಿಗೆ ಹೋಗುವ ಅರ್ಜಿಗಳನ್ನು ಜನರಿಗೆ ಬರೆದುಕೊಡುತ್ತಿದ್ದ. ಯಾವ ಅಧಿಕಾರಿಗೆ ಯಾವ ಪದ ಹಿಡಿಸುತ್ತದೆ ಎಂಬುದು ಅವನಿಗೆ ಬಾಯಿಪಾಠ. ಅವನು ಬರೆದ ಅರ್ಜಿ ತಿರಸ್ಕಾರವಾದದ್ದು ಅಪರೂಪ.

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಬೂಟಿನ ಮಣ್ಣನ್ನು ಬಾಗಿಲಲ್ಲೇ ಒರೆಸಿ ಒರೆಸಿ ಒಳಗೆ ಕಾಲಿಟ್ಟಳು. ಹೆಸರು ಕೆಜಾಯಾ ಬಾಸ್‌ವೆಲ್ ಎಂದಳು.

"ಸ್ಕೆಲ್ಬಿ ಊರಾಚೆ, ಹಳೇ ಬಾತುಕೋಳಿ ಫಾರಂ ಪಕ್ಕದ ಜಾಗ ನಮ್ದೇ ಸಾರ್. ಕ್ರಯಪತ್ರ ಎಲ್ಲಾ ಇದೆ. ನಮ್ಮ ಎರಡು ಗಾಡಿಮನೆ, ಕ್ಯಾರವಾನ್, ನಿಲ್ಲಿಸ್ಬೇಕು, ಒಂದು ಅಡುಗೆಕೋಣೆ, ಬಚ್ಚಲು ಕಟ್ಕೋಬೇಕು. ಪರ್ಮಿಷನ್ ಅರ್ಜಿ ನೀವು ಬರೆದುಕೊಡ್ಬೇಕು."

"ಕ್ಯಾರವಾನ್ ಅಂದ್ರೆ, ರಜಾ ದಿನಕ್ಕಾ?"

"ಬದುಕೋಕೆ ಸಾರ್. ನಾವು ಜಿಪ್ಸಿಗಳು." ಅವಳು ಕಣ್ಣು ತಗ್ಗಿಸಲಿಲ್ಲ. "ನಮ್ಮತ್ತೆಗೆ ಕಿಡ್ನಿ ಹೋಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಲ್ಲಿಂದ ಆಸ್ಪತ್ರೆ ಎಂಟೇ ಮೈಲಿ. ರಸ್ತೆ ಬದೀಲಿ ನಿಂತ್ರೆ ಪೊಲೀಸ್ರು ಎಬ್ಬಿಸ್ತಾರೆ. ಎಬ್ಬಿಸಿದಾಗೆಲ್ಲ ಆಸ್ಪತ್ರೆ ದೂರ ಆಗುತ್ತೆ."

ಡೆಸ್ಮಂಡನ ಮನೆಯಿದ್ದುದೂ ಸ್ಕೆಲ್ಬಿಯಲ್ಲೇ. ಅರ್ಜಿಯ ಕೆಳಗೆ ತನ್ನ ಹೆಸರು ಕಂಡ ದಿನ ಊರಿನ ಪಬ್ಬಿನಲ್ಲಿ ತನ್ನ ಪಕ್ಕದ ಕುರ್ಚಿ ಖಾಲಿಯಾಗುವುದು ಅವನ ಕಣ್ಣಿಗೆ ಕಟ್ಟಿತು.

"ಈಗ ಕೈತುಂಬ ಕೆಲಸ ಇದೆಯಮ್ಮ. ಜೂನ್‌ವರೆಗೂ ಬಿಡುವಿಲ್ಲ," ಎಂದ.

ಮೇಜಿನ ಮೇಲೆ ಅವನ ಡೈರಿ ತೆರೆದೇ ಇತ್ತು. ಎರಡೂ ಪುಟ ಖಾಲಿ. ಕೆಜಾಯಾ ಅದನ್ನು ನೋಡಿದಳು, ಅವನನ್ನೂ ನೋಡಿದಳು. "ಆಗ್ಲಿ ಸಾರ್," ಎಂದು ಕಾಗದಗಳನ್ನು ಚೀಲಕ್ಕೆ ಸೇರಿಸಿಕೊಂಡು ಇಳಿದುಹೋದಳು.

ಅರ್ಜಿಯನ್ನು ಅವಳೇ ಬರೆದು ಹಾಕಿದಳು. ಜಾಗದ ಗೇಟಿಗೆ ಕೌನ್ಸಿಲ್ಲಿನ ನೋಟೀಸು ಬಿದ್ದ ವಾರವೇ ಊರ ಸಭಾಂಗಣ ಕಿಕ್ಕಿರಿಯಿತು. ಊರಸಮಿತಿಯ ಅಧ್ಯಕ್ಷೆ ರೋಸಲಿಂಡ್ ಚಹಾದ ಪಾತ್ರೆಯ ಪಕ್ಕ ನಿಂತಿದ್ದಳು.

"ಇನ್ಮೇಲೆ ಶೆಡ್ಡಿಗೆ ಎರಡೆರಡು ಬೀಗ ಹಾಕ್ಬೇಕು," ಎಂದನೊಬ್ಬ.

"ನನ್ನ ಬೇಲಿ ರಿಪೇರಿ ಮಾಡಿದೋನು ಜಿಪ್ಸೀನೇ. ಕೆಲಸ ಚೆನ್ನಾಗೇ ಮಾಡ್ದ," ಎಂದ ಮುದುಕ ವಿಲ್ಫ್.

"ಮರುದಿನ ಬೇಲಿ ಅಲ್ಲೇ ಇತ್ತಾ ವಿಲ್ಫ್?"

ಸಭೆಯೆಲ್ಲ ನಕ್ಕಿತು. ಡೆಸ್ಮಂಡನೂ ನಕ್ಕ.

ರೋಸಲಿಂಡ್ ನಗಲಿಲ್ಲ. "ಹೋದ ಬೇಸಿಗೇಲಿ ಆಟದ ಮೈದಾನದಲ್ಲಿ ಜಿಪ್ಸಿಗಳ ಹದಿನಾರು ಗಾಡಿ ನಿಂತಿದ್ವು. ಅವು ಹೋದಮೇಲೆ ಕಸ ಎತ್ತಿದ್ದು ಈ ಕೈಗಳೇ. ನಾನೇನು ಕಟುಕಿಯಲ್ಲ. ಆದ್ರೆ ನನಗೆ ಭಯ ಆಗಬಾರದಾ?" ಎಂದಳು. ಆಮೇಲೆ ಡೆಸ್ಮಂಡನತ್ತ ತಿರುಗಿದಳು. "ಇದನ್ನೆಲ್ಲ ಹೀಗೇ ಬರೆದ್ರೆ ಕೌನ್ಸಿಲ್ ಕಸದಬುಟ್ಟಿಗೆ ಹಾಕುತ್ತೆ. ನಿನಗೆ ಗೊತ್ತಲ್ಲ, ಹೇಗೆ ಬರೀಬೇಕು ಅಂತ."

ಡೆಸ್ಮಂಡ್ ಸ್ವಲ್ಪ ಯೋಚಿಸಿದ. "ರಸ್ತೆ," ಎಂದ. "ಅಲ್ಲೊಂದು ತಿರುವಿದೆ. ಕ್ಯಾರವಾನ್ ಎಳ್ಕೊಂಡು ಹೊರಗೆ ಬರೋರಿಗೆ ಎದುರಿನ ವಾಹನ ಕಾಣಲ್ಲ, ಅಪಾಯ ಅಂತ ಬರೀಬಹುದು. ಅವರ ವಿಷಯ ಎತ್ತೋದೇ ಬೇಡ."

ಅವನು ಆರು ಪುಟದ ವರದಿ ಬರೆದ. ತಿರುವಿನ ಅಳತೆ, ಮಳೆನೀರಿನ ಹರಿವು, ಬಯಲಿನ ನೋಟಕ್ಕೆ ಆಗುವ ಕುಂದು ಎಲ್ಲವೂ ಅದರಲ್ಲಿದ್ದವು. ಜಿಪ್ಸಿ ಎಂಬ ಪದ ಒಂದು ಸಲವೂ ಇರಲಿಲ್ಲ. ಎರಡು ತಿಂಗಳಲ್ಲಿ ಅರ್ಜಿ ತಿರಸ್ಕಾರವಾಯಿತು. ಕೌನ್ಸಿಲ್ ಕೊಟ್ಟ ಕಾರಣಗಳಲ್ಲಿ ಅರ್ಧ ಅವನದೇ ವಾಕ್ಯಗಳು.

ಪಬ್ಬಿನಲ್ಲಿ ರೋಸಲಿಂಡ್ ಅವನ ತೋಳು ಹಿಡಿದುಕೊಂಡಳು. "ಎಷ್ಟು ಚೆನ್ನಾಗಿ ಬರೆದೆ! ನಮ್ಮ ಬಾಯಿಂದ ಏನೂ ಹೇಳಬೇಕಾಗಲೇ ಇಲ್ಲ ನೋಡು."

ಹೊಗಳಿಕೆಯೇ ಅದು. ಆದರೂ ಅಂದು ಅವನಿಗೆ ಬಿಯರು ರುಚಿಸಲಿಲ್ಲ. ಏಕೆಂದು ವಿಚಾರಿಸಿಕೊಳ್ಳಲೂ ಇಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಕೆಜಾಯಾ ಮತ್ತೆ ಮೆಟ್ಟಿಲು ಹತ್ತಿದಳು. ಈ ಸಲ ಕೂತುಕೊಳ್ಳಲಿಲ್ಲ.

"ಅಪೀಲು ಹಾಕಿದ್ದೀನಿ. ಮುಂದಿನ ತಿಂಗಳು ವಿಚಾರಣೆ. ನಿಮ್ಮನ್ನ ಸಹಾಯ ಕೇಳೋಕೆ ಬಂದಿಲ್ಲ, ಒಂದು ಮಾತು ಕೇಳೋಕೆ ಬಂದೆ."

"ಅತ್ತೆ ಹೇಗಿದ್ದಾರೆ?" ಎಂದ ಡೆಸ್ಮಂಡ್, ಮಾತಿಗೆ.

"ಫೆಬ್ರವರೀಲಿ ತೀರ್ಕೊಂಡ್ರು. ತೊಂಬತ್ತು ಮೈಲಿ ಆಚೆ ನಮ್ಮೋರೊಬ್ಬರ ಅಂಗಳದಲ್ಲಿದ್ವಿ. ಅಲ್ಲಿಂದಲೂ ಎಬ್ಬಿಸಿದ್ರು. ಹೊಸ ಆಸ್ಪತ್ರೇಲಿ ಹೆಸರು ಬರೆಸೋಕೆ ಹೋದ್ರೆ ವಿಳಾಸ ಕೇಳಿದ್ರು. ಅದು ಇತ್ಯರ್ಥ ಆಗೋದ್ರೊಳಗೆ ನಾಲ್ಕು ಸಲ ಡಯಾಲಿಸಿಸ್ ತಪ್ಪಿತು."

ಅವಳು ಎರಡು ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು, ಅವನು ಊರಿನವರಿಗೆ ಬರೆದುಕೊಟ್ಟ ಆಕ್ಷೇಪಣೆ. ಇನ್ನೊಂದು ನಾಲ್ಕು ವರ್ಷ ಹಿಂದಿನದು. ಅದೇ ತಿರುವಿನಲ್ಲಿ, ಪಕ್ಕದ ಗೇಟಿನೊಳಗೆ ಪ್ರವಾಸಿಗರಿಗಾಗಿ ಆರು ಬಾಡಿಗೆ ಮನೆ ಕಟ್ಟಲು ರೋಸಲಿಂಡಳ ಭಾವಮೈದುನ ಹಾಕಿದ ಅರ್ಜಿಗೆ ಬರೆದದ್ದು. 'ವಾಹನಗಳು ಎರಡೂ ಕಡೆಗೆ ಸ್ಪಷ್ಟವಾಗಿ ಕಾಣುತ್ತವೆ, ಯಾವ ಅಪಾಯವೂ ಇಲ್ಲ' ಎಂದಿತ್ತು.

"ಕೌನ್ಸಿಲ್ ಕಡತದಲ್ಲೇ ಸಿಕ್ತು. ಎರಡಕ್ಕೂ ನಿಮ್ದೇ ರುಜು. ಬೇರೆಯೋರ ಪತ್ರಗಳನ್ನೂ ಓದಿದೆ ಸಾರ್. ಕಳ್ಳರು, ಕೊಳಕರು ಅಂತ ಬರೆದಿದ್ರು. ಅವ್ರು ಉಗಿದಿದ್ದನ್ನ ಒರೆಸ್ಕೋಬಹುದು. ನಿಮ್ಮ ಪತ್ರದಲ್ಲಿ ಒಂದು ಕೆಟ್ಟ ಮಾತೂ ಇಲ್ಲ. ಏನು ಅಂತ ಒರೆಸ್ಕೊಳ್ಳಲಿ?" ಅವಳ ದನಿ ಏರಲಿಲ್ಲ. "ಇದರಲ್ಲಿ ಯಾವುದು ನಿಜ ಅಂತ ಕೇಳೋಣ ಅಂತ ಬಂದೆ, ಅಷ್ಟೇ."

ಡೆಸ್ಮಂಡ್‌ಗೆ ಉತ್ತರ ಗೊತ್ತಿತ್ತು. ಅವನು ಎರಡು ವರದಿಗಳನ್ನೂ ಅವಳತ್ತ ಸರಿಸಿದ. ಅವಳು ಕಾದಳು, ಕಾಗದ ಎತ್ತಿಕೊಂಡಳು, ಹೋದಳು.

ವಿಚಾರಣೆ ನಡೆದದ್ದು ಪಟ್ಟಣದ ಗ್ರಂಥಾಲಯದ ಹಿಂದಿನ ಕೊಠಡಿಯಲ್ಲಿ. ಸರ್ಕಾರ ಕಳಿಸಿದ್ದ ತನಿಖಾಧಿಕಾರಿ ನಡುವಯಸ್ಸಿನ ಹೆಂಗಸು. ಕೆಜಾಯಾಳ ಪರವಾಗಿ ಮಾತಾಡಲು ಕೆಜಾಯಾ ಒಬ್ಬಳೇ. ಅವಳು ಎರಡು ವರದಿಗಳನ್ನೂ ಮುಂದಿಟ್ಟಾಗ ಕೌನ್ಸಿಲ್ಲಿನವನು, "ಎರಡೂ ಬೇರೆ ಬೇರೆ ಸಂದರ್ಭ, ಹೋಲಿಸೋಕಾಗಲ್ಲ," ಎಂದು ತಳ್ಳಿಹಾಕಿದ.

ಹಿಂದಿನ ಸಾಲಿನಲ್ಲಿ ರೋಸಲಿಂಡಳ ಪಕ್ಕ ಕುಳಿತಿದ್ದ ಡೆಸ್ಮಂಡ್ ಎದ್ದು ನಿಂತ. ಆಕ್ಷೇಪಣೆಗೆ ಬಲ ಕೊಡಲು ಎದ್ದನೆಂದು ರೋಸಲಿಂಡ್ ಕಾಲು ಸರಿಸಿ ದಾರಿ ಬಿಟ್ಟಳು.

"ಎರಡನ್ನೂ ಬರೆದೋನು ನಾನೇ," ಎಂದ.

ಅಧಿಕಾರಿ ಕನ್ನಡಕ ತೆಗೆದಳು. "ರಸ್ತೆ ಬದಲಾಗಿದೆಯೇ?"

"ಇಲ್ಲ."

"ಹಾಗಾದರೆ ಯಾವುದು ನಿಜ?"

"ಹಳೇದು. ರಸ್ತೆಯಲ್ಲಿ ಅಪಾಯ ಇಲ್ಲ. ಊರಿನೋರಿಗೆ ಇವರು ಬೇಡವಾಗಿದ್ರು. ಅದನ್ನ ರಸ್ತೆ ಅಂತ ಬರೆದುಕೊಟ್ಟೆ."

ಯಾರೋ "ಥೂ" ಎಂದರು. ರೋಸಲಿಂಡ್ ಸಣ್ಣ ದನಿಯಲ್ಲಿ, "ನೀನು ನಮ್ಮೋನು ಅಂದ್ಕೊಂಡಿದ್ದೆ ಡೆಸ್ಮಂಡ್," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ಕಣ್ಣೀರಲ್ಲ.

ಜುಲೈನಲ್ಲಿ ಅನುಮತಿ ಬಂತು. ಡೆಸ್ಮಂಡ್ ಆ ಗೇಟಿನ ಬಳಿ ಹೋದಾಗ ಕೆಜಾಯಾ ನೀರಿನ ಕೊಳವೆಗೆ ಮಣ್ಣು ಮುಚ್ಚುತ್ತಿದ್ದಳು. ಅವನು ಏನೋ ಹೇಳಲು ಹೊರಟ.

"ಬೇಡ ಸಾರ್," ಎಂದಳು ಅವಳು, ಸಲಿಕೆ ನಿಲ್ಲಿಸದೆ. "ನೀವು ನಿಜ ಹೇಳಿದ್ರಿ, ಸರಿ. ಆದ್ರೆ ಮೊದಲನೇ ದಿನ ಡೈರಿ ತೆರೆದಿತ್ತಲ್ಲ, ಆವತ್ತೇ ನಿಜ ಹೇಳಿ ಅರ್ಜಿ ಬರೆದುಕೊಟ್ಟಿದ್ರೆ ನಮ್ಮತ್ತೆ ಇಲ್ಲಿ ಕೂತಿರೋರು. ನಾನು ಥ್ಯಾಂಕ್ಸ್ ಹೇಳಲ್ಲ. ನೀವು ಹೋಗಿ."

ಅವನು ಹೋದ. ಊರಿನವರು ಅವನ ವೃತ್ತಿಸಂಘಕ್ಕೆ ದೂರು ಕೊಟ್ಟರು. ಮೆಟ್ಟಿಲು ಹತ್ತುವವರು ಕಡಿಮೆಯಾದರು.

ಸೆಪ್ಟೆಂಬರಿನಲ್ಲಿ ನಿವೃತ್ತ ಶಿಕ್ಷಕ ದಂಪತಿ ಬಂದರು. ಅವರ ಬೀದಿಯಲ್ಲಿ, ಜೈಲಿನಿಂದ ಬಿಡುಗಡೆಯಾದ ಹೆಂಗಸರಿಗೆ ಒಂದು ವಸತಿಗೃಹ ಆಗಲಿದೆಯಂತೆ. ಅದಕ್ಕೆ ಆಕ್ಷೇಪಣೆ ಬರೆಸಬೇಕಿತ್ತು.

"ಪಾರ್ಕಿಂಗ್ ತೊಂದರೆ ಅಂತ ಬರೆದ್ರೆ ನಡಿಯುತ್ತಾ?" ಎಂದ ಗಂಡ.

ಡೆಸ್ಮಂಡ್ ಒಂದು ಬಿಳಿ ಹಾಳೆ ಮುಂದಿಟ್ಟು ಪೆನ್ನು ಕೊಟ್ಟ. "ನಿಮಗೆ ನಿಜವಾಗಿ ಏನು ಭಯ ಅಂತ ನಿಮ್ಮ ಮಾತಲ್ಲೇ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕಿ. ಪಾರ್ಕಿಂಗ್ ತೊಂದರೆ ಇದ್ರೆ ನಾನೇ ಬಂದು ಅಳೀತೀನಿ. ಇಲ್ದಿದ್ರೆ, ನೀವು ಬರೆದಿದ್ದನ್ನೇ ಕಳಿಸೋಣ."

ಆತ ಪೆನ್ನು ಹಿಡಿದು ಹೆಂಡತಿಯ ಮುಖ ನೋಡಿದ. "ಇಂಥದ್ದನ್ನ ಹೆಸರು ಹಾಕಿ ಬರೆಯೋಕಾಗುತ್ತೇನ್ರೀ? ಅದಕ್ಕೇ ತಾನೇ ನಿಮ್ಮ ಹತ್ರ ಬಂದಿದ್ದು?"

"ಹೌದು. ಎಲ್ಲರೂ ಅದಕ್ಕೇ ಬರ್ತಿದ್ರು."

ಅವರು ಎದ್ದರು. ಹೆಂಡತಿ ಸೌಜನ್ಯಕ್ಕೆ ಮುಗುಳ್ನಕ್ಕಳು. ಡೆಸ್ಮಂಡ್ ಕಿಟಕಿಯ ಬಳಿ ನಿಂತು ನೋಡಿದ. ದಂಪತಿ ಕೈ ಹಿಡಿದುಕೊಂಡು ಜಾಗರೂಕತೆಯಿಂದ ರಸ್ತೆ ದಾಟಿ, ಎದುರುಗಡೆ ಆ ಬೇಸಿಗೆಯಲ್ಲಷ್ಟೇ ತೆರೆದಿದ್ದ ಇನ್ನೊಬ್ಬ ಸಲಹೆಗಾರನ ಬಾಗಿಲು ತಳ್ಳಿ ಒಳಗೆ ಹೋದರು.