ಒಂಬತ್ತು ಗಂಟೆಯ ಮಾತ್ರೆ

ಆಸ್ಪತ್ರೆಯಲ್ಲಿ ಎದುರು ಕುರ್ಚಿಯವನ ಕಿವಿಯ ಮುಂದಿನ ಕೂದಲು ಬಲಗಡೆ ಅರ್ಧ ಬೆರಳು ಕೆಳಗಿದೆ, ಯಾವ ಪುಣ್ಯಾತ್ಮ ಕತ್ತರಿಸಿದನೋ, ಮೂವತ್ತೆಂಟು ವರ್ಷ ಕ್ಷೌರದ ಅಂಗಡಿ ನಡೆಸಿದವನ ಕಣ್ಣೆದುರೇ ಇಂಥದನ್ನು ತಂದು ಕೂರಿಸಬೇಕೇ, ಇರಲಿ, ಈಗ ನನ್ನ ಕೈಗೆ ಕತ್ತರಿ ಕೊಟ್ಟರೆ ಅವನ ಕಿವಿಯೇ ಉಳಿಯಲಿಕ್ಕಿಲ್ಲ — ಅಬ್ಬಾ, ಬಂತು, ಭುಜದಿಂದ ಮೊಣಕೈವರೆಗೆ, ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ, ಬಾರಪ್ಪ ನೋವೇ, ಇವತ್ತು ನಿನ್ನನ್ನು ಬೇಕೆಂದೇ ಕರೆತಂದಿದ್ದೇನೆ. ಪ್ರತಿ ಸಲದ ಗೋಳು ಇದೇ, ಪಕ್ಕದಲ್ಲಿ ಕೂತಿದ್ದಾಳಲ್ಲ ನನ್ನ ಹೆಂಡತಿ, ಆಸ್ಪತ್ರೆಯ ದಿನ ಒಂಬತ್ತಕ್ಕೆ ಸರಿಯಾಗಿ ಮಾತ್ರೆ ಕೊಟ್ಟು, ತಲೆ ಬಾಚಿ, ಫೋಟೋ ತೆಗೆಸಲು ಹೊರಟವನ ಹಾಗೆ ಸಿಂಗರಿಸಿ ತರುತ್ತಾಳೆ, ಹತ್ತಕ್ಕೆ ಡಾಕ್ಟರು ನೋಡುವಾಗ ಕೈ ಸಡಿಲ, ಕಾಲು ಸಡಿಲ, ನೋವು ನಾಪತ್ತೆ, ಚೆನ್ನಾಗಿದ್ದೀರಲ್ಲ ಯಜಮಾನ್ರೆ, ಅದೇ ಚೀಟಿ, ಅದೇ ಮಾತ್ರೆ, ಮತ್ತೆ ಮೂರು ತಿಂಗಳು — ಮನೆಗೆ ಬಂದು ಮಾತ್ರೆಯ ಬಲ ಇಳಿದ ಕೂಡಲೇ ಇದು ಹಾಜರು, ದಿನಕ್ಕೆ ಮೂರು ಸಲ, ಗಡಿಯಾರಕ್ಕಿಂತ ಖಡಕ್ಕು. ಎಕ್ಸ್‌ರೇಯಲ್ಲಿ ಭುಜದ ಮೂಳೆ ಸರಿಯಾಗಿದೆಯಂತೆ, ಕೆಟ್ಟಿರುವುದು ಮೆದುಳಿನಲ್ಲಿ, ಡೋಪಮಿನ್ ಅಂತ ಒಂದು ರಸವಿದೆಯಂತೆ, ಅದು ಕಡಿಮೆಯಾದರೆ ಕೈ ನಡುಗುವುದಷ್ಟೇ ಅಲ್ಲ, ನೋವನ್ನು ತಗ್ಗಿಸುವ ಕೆಲಸವೂ ಕೆಡಬಹುದಂತೆ, ಮೈ ಪಿಸುಗುಟ್ಟಿದ್ದನ್ನು ಮೆದುಳು ಕೂಗಿ ಹೇಳುತ್ತದಂತೆ, ಹಾಗಾದ್ರೆ ನೋವು ಸುಳ್ಳಾ ಅಂತ ಹೋದ ಸಲ ಇವಳು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು, ಸುಳ್ಳಲ್ಲಮ್ಮ, ನಿಜವಾದ ನೋವೇ, ಯಾವ ಹೊತ್ತಿಗೆ ಎಷ್ಟು ಅಂತ ಗೊತ್ತಾದ್ರೆ ಮಾತ್ರೆ ಹೊತ್ತು ಬದಲಾಯಿಸಬಹುದು, ಆದ್ರೆ ಇಲ್ಲಿಗೆ ಬಂದಾಗ ಇವರಿಗೆ ನೋವೇ ಇರಲ್ಲವಲ್ಲ ಅಂದರು ಡಾಕ್ಟರು. ನೋಡಿ, ಇವತ್ತು ನೋಡಿ, ನೀರು ಮಾತ್ರ ಕುಡಿದೆ, ಮಾತ್ರೆ ಜೇಬಿನಲ್ಲಿದೆ, ಕಟ್ಟಿಕೊಂಡವಳ ಕಣ್ಣಿಗೆ ಈ ಅರವತ್ತೇಳರ ವಯಸ್ಸಿನಲ್ಲಿ ಮಣ್ಣೆರಚಿ ಬಂದಿದ್ದೇನೆ.

ಒಳಗೆ ಕರೆದರು, ಕಾಲು ನೆಲಕ್ಕೆ ಅಂಟಿದೆ, ಇವಳು ಎಳೆದು, ತಳ್ಳಿ, ಹೇಗೋ ಕೂರಿಸಿದಳು, ಡಾಕ್ಟರು ನನ್ನ ಮಣಿಕಟ್ಟು ಹಿಡಿದು ಅಲ್ಲಾಡಿಸುತ್ತಾರೆ, ತುಂಬ ಬಿಗಿಯಾಗಿದ್ದಾರಲ್ಲ, ಮಾತ್ರೆ ತಗೊಂಡ್ರಾ, ಇವಳು ಹೆಮ್ಮೆಯಿಂದ, ನನ್ನ ಕೈಯಾರೆ ಕೊಟ್ಟೆ ಡಾಕ್ಟ್ರೆ, ಒಂಬತ್ತಕ್ಕೆ — ಜೇಬು ನೋಡೇ, ಜೇಬು, ಆದರೆ ಗಂಟಲಲ್ಲಿ ಬರೀ ಗಾಳಿ, ತುಟಿ ಏಳುತ್ತಿಲ್ಲ, ಅಯ್ಯೋ ಪೆದ್ದ ಮುಂಡೇದೆ, ಮಾತ್ರೆ ಬಿಟ್ಟರೆ ದನಿಯೂ ಹೋಗುತ್ತದೆ ಅನ್ನುವುದು ಹೊಳೆಯಲೇ ಇಲ್ಲವಲ್ಲ ನಿನಗೆ, ನೋವಿಲ್ಲದಾಗ ಮಾತಿತ್ತು, ನೋವಿರುವಾಗ ಮಾತಿಲ್ಲ, ಯಾರಿಗೆ ಬೇಕು ಈ ಬಾಳು. ಕನ್ನಡಿಯಲ್ಲಿ ಗಿರಾಕಿಯ ಹುಬ್ಬು ನೋಡಿಯೇ ಬ್ಲೇಡು ಮೊಂಡಾಗಿ ಕೂದಲು ಎಳೆಯುತ್ತಿದೆ ಅಂತ ತಿಳಿಯುತ್ತಿದ್ದವನು ನಾನು, ನನ್ನ ಹುಬ್ಬು ನೋಡಿ ಡಾಕ್ಟ್ರೆ, ಅದು ಅಲ್ಲಾಡಿದರೆ ತಾನೇ, ಇವಳು ಬೇರೆ, ಇವತ್ತು ಆರಾಮಾಗಿದ್ದಾರೆ, ಬೆಳಗ್ಗೆಯಿಂದ ಒಂದ್ಸಲಾನೂ ಅಯ್ಯೋ ಅಂದಿಲ್ಲ, ಇವಳಿಗೆ ಏನನ್ನಲಿ, ಒಳಗೆ ಭುಜ ಕಿತ್ತು ಬರುತ್ತಿದೆ. ಡಾಕ್ಟರು ಒಂದು ರಟ್ಟು ಮುಂದಿಟ್ಟರು, ಸಾಲಾಗಿ ಆರು ಮುಖ, ಮೊದಲನೆಯದು ಹಲ್ಲು ಬಿಟ್ಟು ನಗುತ್ತಿದೆ, ಎರಡನೆಯದು ಸುಮ್ಮನೆ ನಗುತ್ತಿದೆ, ಕೊನೆಯದರ ಕಣ್ಣಲ್ಲಿ ನೀರು, ಮಾತು ಬೇಡ ಯಜಮಾನ್ರೆ, ಎಷ್ಟು ನೋವು ಅಂತ ಬೆರಳಿಟ್ಟು ತೋರಿಸಿ ಸಾಕು. ಸಾಕು, ಇಷ್ಟು ಸಾಕು, ಕೊನೆಯದು ನನ್ನದು, ಅಲ್ಲಿಗೆ ಗೇಣು ದೂರ ಕೂಡ ಇಲ್ಲ, ನಡೆ ಬೆರಳೇ, ಮೊದಲನೆಯದನ್ನು ದಾಟಿತು, ಎರಡನೆಯದರ ಮೇಲೆ ಬಂತು, ನಡೆ, ನಡೆ ಅಂದರೆ — ನಿಂತಿತು, ಕಾಲು ನೆಲಕ್ಕೆ ಅಂಟಿದ ಹಾಗೆ ಬೆರಳು ರಟ್ಟಿಗೆ ಅಂಟಿತು, ಓಹೋ ಎರಡಾ, ಒಳ್ಳೇದಾಯ್ತು ಅನ್ನುತ್ತ ಡಾಕ್ಟರು ಬರೆಯುತ್ತಿದ್ದಾರೆ, ನೋವು ಕಮ್ಮಿ, ಮಾತ್ರೆ ಹೊತ್ತು ಹಾಗೇ ಇರಲಿ, ಮೂರು ತಿಂಗಳು ಬಿಟ್ಟು ಬನ್ನಿ, ಇವಳು ಕೈ ಮುಗಿಯುತ್ತಿದ್ದಾಳೆ, ಅಲ್ಲ, ಅದಲ್ಲ, ಅತ್ತ ಕಡೆಯದು, ಕಣ್ಣಲ್ಲಿ ನೀರಿರುವುದು, ಬೆರಳು ಮಾತ್ರ ಆ ನಗುವ ಮುಖದ ಮೇಲೆ, ಅದರ ತುಟಿಯ ಮೇಲೆ, ನಗುವ ಮುಖ, ನನ್ನ ಬೆರಳು, ನಗುವ ಮುಖ